ಸ್ವಂತ ತೋಟ, ಹಂಚಿಕೆಯ ಬೆಟ್ಟ

(ಸದಸ್ಯ ಶಿಕ್ಷಣ ಪಾಠ)



ಬೆಳೆಗಾರನ ಸಂಪತ್ತು ಎರಡು ಬಗೆಯದು. ಪಹಣಿಯಲ್ಲಿ ತನ್ನ ಹೆಸರಿರುವ ತೋಟ, ತನ್ನ ಮನೆ, ದನಕರು ಒಂದು ಬಗೆ. ಸೊಪ್ಪು ಕೊಡುವ ಬೆಟ್ಟ, ನೀರು ಕೊಡುವ ಹಳ್ಳ, ಸಾಲ ಕೊಡುವ ಸಂಘ ಇನ್ನೊಂದು ಬಗೆ. ಮೊದಲನೆಯದರ ಲೆಕ್ಕವನ್ನು ಹೇಗಾದರೂ ಇಡುತ್ತೇವೆ. ಎರಡನೆಯದರ ಲೆಕ್ಕ ಇಡುವವರು ಕಡಿಮೆ. ಆದರೆ ಎರಡನೆಯದು ಬರಿದಾದರೆ ಮೊದಲನೆಯದು ನಿಲ್ಲದು.

ಹಿರಿಯರ ಏರ್ಪಾಡು

ನಮ್ಮ ಖಾನಾಪುರಕ್ಕೆ ತಾಗಿರುವ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಭಾಗದಲ್ಲಿ, ಬ್ರಿಟಿಷರ ಕಾಲದಲ್ಲಿಯೇ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸೌಲಭ್ಯ ದೊರೆಯಿತು. ಭೂಮಿ ಸರಕಾರದ್ದು, ಸೊಪ್ಪು, ತರಗೆಲೆ, ಮೇವಿನ ಹಕ್ಕು ತೋಟಿಗರದು. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಇವೂ ಕೃಷಿಗೆ ಆಸರೆಯಾಗಿ ಬಂದವುಗಳೇ. ತೋಟ ತಾನೊಂದೇ ಬದುಕಲಾರದೆಂಬ ತಿಳಿವಳಿಕೆ ಇದರ ಹಿಂದಿದೆ.

ಒಂದು ಲೆಕ್ಕ

9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಮರ. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, ಅಷ್ಟೇ ಕಾಂಪೋಸ್ಟು ಕೊಡಬೇಕೆಂಬುದು ತಜ್ಞರ ಶಿಫಾರಸು. ಅಂದರೆ ಸೊಪ್ಪೇ 6,480 ಕಿಲೋ ಆಯಿತು.

ಇದೆಲ್ಲವನ್ನೂ ಬೆಟ್ಟವೇ ಕೊಡಬೇಕೆಂದಿಲ್ಲ. ಮರವೊಂದು ವರ್ಷಕ್ಕೆ ಸುಮಾರು 7 ಸೋಗೆ ಉದುರಿಸುತ್ತದೆ. ಎಕರೆಗೆ 3,780 ಸೋಗೆ. ಬೇಲಿಯ ಗ್ಲಿರಿಸಿಡಿಯಾ, ಕಾಫಿ ತೋಟದ ಮರಗಸಿ ಸೊಪ್ಪು, ಕಾಫಿ ಸಿಪ್ಪೆ ಇವೂ ಉಂಟು. ಸೋಗೆಗೆ ಬೆಂಕಿಯಿಟ್ಟು ಕತ್ತಿ ಹಿಡಿದು ಬೆಟ್ಟ ಹತ್ತುವುದು, ಕಣಜದಲ್ಲಿ ಭತ್ತವಿಟ್ಟುಕೊಂಡು ನೆರೆಮನೆಗೆ ಕಡ ಕೇಳಲು ಹೋದಂತೆ. ಮೊದಲು ಸ್ವಂತದ್ದನ್ನು ಪೂರ್ತಿ ಬಳಸಿ, ಕೊರತೆ ಬಿದ್ದಷ್ಟನ್ನೇ ಬೆಟ್ಟದಿಂದ ತರಬೇಕು.

ತರುವುದಕ್ಕೂ ಕ್ರಮವಿರಲಿ. ಬೆಟ್ಟವನ್ನು ಮೂರು ಭಾಗ ಮಾಡಿ, ವರ್ಷಕ್ಕೊಂದನ್ನು ಸವರಿ, ಎರಡಕ್ಕೆ ವಿಶ್ರಾಂತಿ ಕೊಡಿರಿ. ಮರದ ತುದಿ ಕಡಿಯಬಾರದು. ಎಳೆ ಸಸಿಗಳನ್ನು ಮುಟ್ಟಬಾರದು. ತರಗೆಲೆಯನ್ನು ನೆಲ ಕಾಣುವಂತೆ ಗುಡಿಸಿದರೆ ಮಳೆನೀರು ಇಂಗದೆ ಮಣ್ಣು ಕೊಚ್ಚಿಹೋಗುತ್ತದೆ. ಕೆಳಗಿನ ಹಳ್ಳ ಬೇಸಿಗೆಗೆ ಮುಂಚೆಯೇ ಸೊರಗುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೂ ಇಂಥ ಬೆಟ್ಟಗಳ ಹಳ್ಳಗಳೇ ನೀರೆರೆಯುತ್ತವೆ. ಸಾಂಬ್ರಾ ಕಡೆಯ ಬಯಲಿನವರಿಗೆ ಬೆಟ್ಟವಿಲ್ಲದಿರಬಹುದು. ಆದರೆ ಕೊಳವೆಬಾವಿ ಎಳೆಯುವ ಅಂತರ್ಜಲವೂ ಹಂಚಿಕೆಯ ಸೊತ್ತೇ.

ಕಾಯುವವರು ಯಾರು?

ಎಲ್ಲರಿಗೂ ಸೇರಿದ್ದು ಹಾಳಾಗಿಯೇ ತೀರುವುದೆಂದು 1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ವಾದಿಸಿದರು. ಅದೇ ದೇಶದ ಎಲಿನಾರ್ ಓಸ್ಟ್ರಮ್ ಹಲವು ದೇಶಗಳ ಬೆಟ್ಟ, ಕಾಲುವೆ, ಮೀನುಗಾರಿಕೆಗಳನ್ನು ಅಭ್ಯಸಿಸಿ, ಹಾಗೇ ಆಗಬೇಕೆಂದಿಲ್ಲವೆಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಕಂಡುಕೊಂಡದ್ದು ಇಷ್ಟು: ಗಡಿ ಸ್ಪಷ್ಟವಿರಬೇಕು, ಯಾರಿಗೆಷ್ಟು ಎಂಬುದನ್ನು ಬಳಸುವವರೇ ಕೂಡಿ ನಿಶ್ಚಯಿಸಬೇಕು, ಕಾವಲು ಅವರದೇ ಇರಬೇಕು, ಮೊದಲ ತಪ್ಪಿಗೆ ಸಣ್ಣ ದಂಡ, ಮರಳಿ ತಪ್ಪಿದರೆ ದೊಡ್ಡದು, ಜಗಳ ಊರಲ್ಲೇ ಬೇಗ ತೀರಬೇಕು.

ಇದು ನಮಗೆ ಹೊಸತಲ್ಲ. 1904ರ ಕಾಯಿದೆಯ ಮೇರೆಗೆ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಆ ಕಾಯಿದೆಯಂತೆ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತ. ಒಬ್ಬನ ಬಾಕಿಯ ಬಿಸಿ ಉಳಿದವರ ಹೊಲಮನೆಗೂ ತಟ್ಟುತ್ತಿತ್ತು. ಆದುದರಿಂದ ನೆರೆಯವನ ಸಾಲ ಎತ್ತ ಹೋಯಿತೆಂದು ಕೇಳುವುದು ಚಾಡಿಯಾಗಿರಲಿಲ್ಲ, ಕರ್ತವ್ಯವಾಗಿತ್ತು. ಇಂದು ಹೊಣೆ ಷೇರಿಗೆ ಸೀಮಿತವಾಗಿದ್ದರೂ ಸಂಘದ ನಿಧಿಯ ಗುಣ ಬದಲಾಗಿಲ್ಲ. ಸಕಾಲದಲ್ಲಿ ಮರಳಿದ ಬೆಳೆಸಾಲವೇ ಮತ್ತೊಬ್ಬ ಸದಸ್ಯನ ಗೊಬ್ಬರದ ಹಣ.

ಅಭ್ಯಾಸಕ್ಕೆ

1. ನಿಮ್ಮ ತೋಟಕ್ಕೆ ಬೇಕಾದ ಸೊಪ್ಪೆಷ್ಟು? ಅದರಲ್ಲಿ ತೋಟದಲ್ಲೇ ಸಿಗುವುದೆಷ್ಟು?

2. ನಿಮ್ಮ ಬೆಟ್ಟದ ಯಾವ ಭಾಗಕ್ಕೆ ಈ ವರ್ಷ ವಿಶ್ರಾಂತಿ?

3. ಹಳ್ಳಕ್ಕೆ ಎಷ್ಟು ಪಂಪುಗಳಿವೆ? ಬೇಸಿಗೆಯ ಸರದಿ ಯಾರು ಗೊತ್ತುಮಾಡಿದ್ದಾರೆ?

ಉತ್ತರಗಳನ್ನು ಬರೆದಿಟ್ಟುಕೊಂಡು ನೆರೆಯ ತೋಟದವರೊಡನೆ ಕುಳಿತು ಹೋಲಿಸಿ ನೋಡಿರಿ. ಸರದಿ ಗೊತ್ತಾಗದಿದ್ದಲ್ಲಿ ಬೇಸಿಗೆಗೆ ಮೊದಲೇ ಗೊತ್ತುಮಾಡಿಕೊಳ್ಳಿರಿ.

— ಕಾರ್ಯದರ್ಶಿ, ಸಾಂಬ್ರಾ