ಗುರುವಾರದ ಲ್ಯಾಬು, ಅಜ್ಜನ ಡೊಳ್ಳು

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ವಿಶ್ವವಿದ್ಯಾಲಯದ ಯುವಜನೋತ್ಸವದಲ್ಲಿ ನಮ್ಮ ಹತ್ತು ಹುಡುಗಿಯರ ಡೊಳ್ಳು ಕುಣಿತಕ್ಕೆ ಮೊದಲ ಬಹುಮಾನ ಬಂತು. ಮುಂದಿನ ತಿಂಗಳು ಅಂತರ ವಿಶ್ವವಿದ್ಯಾಲಯ ವಲಯ ಮಟ್ಟದ ಸ್ಪರ್ಧೆ ಇದೆ. ಬೆಳಿಗ್ಗೆ, ಸಂಜೆ ಪ್ರಾಕ್ಟೀಸ್. ಎಡಗೈ ತುಂಬ ಬೊಬ್ಬೆ, ಬರೆಯೋದು ಬಲಗೈಯಲ್ಲಿ ಅಂತ ಬಚಾವ್. ಗುರುವಾರದ ಕೆಮಿಸ್ಟ್ರಿ ಲ್ಯಾಬ್ ಈಗಾಗಲೇ ಎರಡು ಸಲ ತಪ್ಪಿದೆ. ಸ್ಪರ್ಧೆಯ ವಾರವೇ ಇಂಟರ್ನಲ್ಸ್. ನಮ್ಮ ಸರ್ "ಇದು ಸೈನ್ಸ್ ಡಿಪಾರ್ಟ್‌ಮೆಂಟಮ್ಮಾ, ನಾಟಕ ಕಂಪನಿ ಅಲ್ಲ" ಅಂದುಬಿಟ್ಟರು. ಅದಕ್ಕಿಂತ ನೋವಾಗಿದ್ದು ಅಪ್ಪಾಜಿ ಮಾತು. "ನಿಮ್ಮಜ್ಜ ಡೊಳ್ಳು ಬಡಿದಿದ್ದೇ ಸಾಕು, ನಿನ್ನ ಕಳಿಸಿದ್ದು ಓದಕ್ಕೆ" ಅಂದರು. ಆಮೇಲೆ ಫೋನಲ್ಲಿ ಸರಿಯಾಗಿ ಮಾತೇ ಆಡುತ್ತಿಲ್ಲ. ತಂಡ ಬಿಟ್ಟರೆ ಒಂಬತ್ತು ಜನರಿಗೆ ಮೋಸ, ಬಿಡದಿದ್ದರೆ ಮನೆಯವರಿಗೆ. ಏನು ಮಾಡಲಿ?

ಉತ್ತರ: ನನ್ನ ಮಗಳ ವಯಸ್ಸಿನವಳು, ನೀನು ಅಂತಲೇ ಬರೆಯುತ್ತೇನೆ.

ಮೊದಲು ಲೆಕ್ಕ. ನಿನ್ನ ಪತ್ರದಲ್ಲಿ ಭಯ ಬೇಕಾದಷ್ಟಿದೆ, ಅಂಕಿ ಮಾತ್ರ ಒಂದೇ: ಎರಡು ಲ್ಯಾಬ್. ಹಾಜರಿ ಸಾಮಾನ್ಯವಾಗಿ ಶೇ. 75 ಬೇಕು, ಅದನ್ನು ವಿಷಯವಾರು ನೋಡುತ್ತಾರೆ. ಒಂದು ಥಿಯರಿ ವಿಷಯಕ್ಕೆ ಸೆಮಿಸ್ಟರಿಗೆ 56 ಕ್ಲಾಸು ಅಂತಿಟ್ಟುಕೋ, 42 ಇದ್ದರೆ ಸಾಕು, 14 ತಪ್ಪಿದರೂ ಪ್ರಪಂಚ ಮುಳುಗುವುದಿಲ್ಲ. ಆದರೆ ವಾರಕ್ಕೊಂದು ಲ್ಯಾಬ್ ಅಂದರೆ ಇಡೀ ಸೆಮಿಸ್ಟರಿಗೆ 14. ಅದರಲ್ಲಿ 11 ಬೇಕೇ ಬೇಕು. ನಿನ್ನದು ಎರಡು ಹೋಗಿದೆ, ಉಳಿದಿರುವುದು ಒಂದೇ ಒಂದು. ಸ್ಪರ್ಧೆ ಗುರುವಾರ ಬಿದ್ದರೆ ಅದೂ ಮುಗಿಯಿತು. ನಿಜವಾದ ಕಂಟಕ ಅಲ್ಲಿದೆ. ಒಂಬತ್ತು ಗೆಳತಿಯರಿಗೆ ಮೋಸ, ಮನೆಗೆ ದ್ರೋಹ ಎಂಬ ದೊಡ್ಡ ದೊಡ್ಡ ಮಾತುಗಳ ಅಡಿಯಲ್ಲಿ ಈ ಸಣ್ಣ ಗುರುವಾರ ಮುಚ್ಚಿಹೋಗಿತ್ತು ಅಷ್ಟೆ.

ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿ ಹೋದ ದಿನಗಳನ್ನು ಹಾಜರಿಗೆ ಸೇರಿಸಿಕೊಳ್ಳುವ ಅವಕಾಶ ಬಹುತೇಕ ಕಡೆ ನಿಯಮದಲ್ಲೇ ಇರುತ್ತದೆ. ಕಬಡ್ಡಿಗೆ ಹೋದವರಿಗೆ ಒಂದು, ಕುಣಿಯಲು ಹೋದವರಿಗೆ ಇನ್ನೊಂದು ಅಂತಿರುವುದಿಲ್ಲ. ಆದರೆ ಹುಡುಗರು ಎಡವುವುದು ಎಲ್ಲಿ ಗೊತ್ತಾ? ಆ ರಿಯಾಯಿತಿ ಸಾಮಾನ್ಯವಾಗಿ ಸ್ಪರ್ಧೆಯ ದಿನಗಳಿಗೆ, ಪ್ರಯಾಣಕ್ಕೆ. ಪ್ರಾಕ್ಟೀಸಿಗೆ ಅಲ್ಲ. ನಿನ್ನ ಎರಡು ಲ್ಯಾಬ್ ಹೋಗಿರುವುದು ಪ್ರಾಕ್ಟೀಸಿನಲ್ಲಿ. ಹಾಗಾಗಿ ಇವತ್ತೇ ತಂಡಕ್ಕೆ ಹೇಳು: ಗುರುವಾರ ನಾನಿಲ್ಲ. ಒಂಬತ್ತು ಜನ ಒಂದು ದಿನ ನೀನಿಲ್ಲದೆ ಹೆಜ್ಜೆ ಹಾಕಿದರೆ ಬಹುಮಾನ ತಪ್ಪುವುದಿಲ್ಲ. ತಪ್ಪುತ್ತದೆ ಅನ್ನುವ ಗೆಳತಿ ಇದ್ದರೆ ಅವಳ ಲ್ಯಾಬ್ ಯಾವ ದಿನ ಕೇಳು.

ಇನ್ನು ಇಂಟರ್ನಲ್ಸ್. ಬಾಯಲ್ಲಿ ಕೇಳಬೇಡ, ಬರೆದು ಕೊಡು. ನಾನು ಓದುವಾಗ ನಾಟಕ ಸ್ಪರ್ಧೆಗೆ ಬೇರೆ ಊರಿಗೆ ಹೋಗುವ ಮುಂಚೆ ಮೇಷ್ಟ್ರಿಗೆ ಕಾರಿಡಾರಿನಲ್ಲಿ ಅಡ್ಡ ಸಿಕ್ಕು "ಹೋಗಿ ಬರ್ತೀನಿ ಸಾರ್" ಅಂದೆ, ಅವರು "ಹ್ಞೂಂ" ಅಂದರು. ವರ್ಷದ ಕೊನೆಗೆ ನೋಟಿಸ್ ಬೋರ್ಡಿನ ಶಾರ್ಟೇಜ್ ಪಟ್ಟಿಯಲ್ಲಿ ನನ್ನ ಹೆಸರು ಮೂರನೆಯದು. ಹ್ಞೂಂ ಅಂದಿದ್ದ ಮೇಷ್ಟ್ರು ಅಷ್ಟರಲ್ಲಿ ವರ್ಗವಾಗಿ ಹೋಗಿದ್ದರು. ಆ ಹ್ಞೂಂಗೆ ಸಾಕ್ಷಿ ಯಾರು? ಆದ್ದರಿಂದ ಸಾಂಸ್ಕೃತಿಕ ಸಮಿತಿಯ ಸಂಚಾಲಕರಿಂದ ದಿನಾಂಕ ನಮೂದಿಸಿದ ಪತ್ರ ತೆಗೆದುಕೋ, ನಿನ್ನ ಅರ್ಜಿ ಸೇರಿಸು, ಪ್ರಿನ್ಸಿಪಾಲರ ಮೂಲಕ ಕೊಡು, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೋ. ಅರ್ಜಿಯಲ್ಲಿ ರಜೆ ಕೇಳಬೇಡ. ತಪ್ಪುವ ಟೆಸ್ಟನ್ನು ಬೇರೆ ದಿನ ಬರೆಯುತ್ತೇನೆ ಎಂದು ಬರೆ. ಹಾಗೆ ಕೇಳಿದವರಿಗೆ ಇಲ್ಲ ಅನ್ನುವುದು ಸ್ವಲ್ಪ ಕಷ್ಟ. ಆದರೂ ಇಲ್ಲ ಅಂದರೆ ಆ ಒಂದು ಟೆಸ್ಟಿಗೆ ಎಷ್ಟು ಅಂಕ, ಅದನ್ನು ಬಿಡಲು ನೀನು ತಯಾರಿದ್ದೀಯಾ ನೋಡಿಕೋ. ಈ ಉತ್ಸವಕ್ಕೆ ಇಪ್ಪತ್ತೈದು ವರ್ಷದವರೆಗೂ ಅವಕಾಶವಿದೆ. ನಿನಗೆ ಇದೇ ಕೊನೆಯ ವರ್ಷವೇನಲ್ಲ.

ನಿಮ್ಮ ಸರ್ ಆಡಿದ ಮಾತಿಗೆ ಉತ್ತರ ಕೊಡಲು ಹೋಗಬೇಡ. ನನಗೆ ಮಾತ್ರ ಒಂದು ಹೇಳದಿದ್ದರೆ ಸಮಾಧಾನವಿಲ್ಲ. ವಿಜ್ಞಾನಕ್ಕೆ ಹೆಸರಾದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೇ ಎ. ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿದ್ದು, 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಹುಟ್ಟಿದ್ದೂ ಆ ಸಂಘದಿಂದಲೇ. ಇದನ್ನು ಅವರ ಎದುರು ಹೇಳಿಬಿಟ್ಟೀಯ, ಜೋಕೆ! ರೆಕಾರ್ಡ್ ಬುಕ್ ಸರಿಯಾದ ಸಮಯಕ್ಕೆ ಸಹಿಗೆ ಇಡು, ಅದೇ ಉತ್ತರ.

ಈಗ ಅಪ್ಪಾಜಿ. ನಾನು ಎರಡೆರಡು ಸಲ ಓದಿದ್ದು ಪತ್ರದ ಆ ಭಾಗವನ್ನೇ. ನೀನು ಅದನ್ನು ಬೈಗುಳ ಅಂತ ಕೇಳಿಸಿಕೊಂಡಿದ್ದೀಯ. ನನಗೆ ಹಾಗೆ ಕೇಳಿಸಲಿಲ್ಲ. ವೇದಿಕೆಯ ಮೇಲೆ ಡೊಳ್ಳು ನೋಡಿದವರಿಗೆ ಅದು ಕಲೆ. ಬೀರೇಶ್ವರನ ಗುಡಿಯ ಮುಂದೆ ವಂಶಪಾರಂಪರ್ಯವಾಗಿ ಬಾರಿಸಿಕೊಂಡು ಬಂದ ಮನೆಯಲ್ಲಿ ಅದು ದೇವರ ಸೇವೆ. ಕೆಲವು ಸಲ ಬೇರೆ ಊರಿನ ದೊಡ್ಡವರ ಮನೆ ಮೆರವಣಿಗೆಯಲ್ಲಿ ಮೈಲಿಗಟ್ಟಲೆ ಹೊತ್ತು ನಡೆದದ್ದು, ಊಟಕ್ಕೆ ಕಡೆಯ ಪಂಕ್ತಿಯಲ್ಲಿ ಕೂತದ್ದೂ ಹೌದು. ನಿಮ್ಮಜ್ಜನ ವಿಷಯ ನನಗೆ ತಿಳಿಯದು. ನಿಮ್ಮಪ್ಪ ಹುಡುಗನಾಗಿದ್ದಾಗ ಅಜ್ಜನ ಹಿಂದೆ ಹೋಗಿ ಏನೇನು ಕಂಡಿದ್ದಾರೋ. ಮಗಳು ಅದರಿಂದ ಆಚೆ ಹೋಗಲಿ ಅಂತ ಬಿ.ಎಸ್ಸಿ.ಗೆ ಸೇರಿಸಿದರು, ಮಗಳು ಹೋಗಿ ಅದನ್ನೇ ಸೊಂಟಕ್ಕೆ ಕಟ್ಟಿಕೊಂಡಳು. ಅವರಿಗೆ ಅನಿಸಿದ್ದು ಇದಿರಬಹುದು.

ಅವರ ಹತ್ತಿರ "ಸರ್ಟಿಫಿಕೇಟ್ ಬರುತ್ತೆ, ಕೆಲಸಕ್ಕೆ ಅನುಕೂಲ" ಅಂತೆಲ್ಲ ಹೇಳಬೇಡ. ಕ್ರೀಡಾ ಪ್ರಮಾಣಪತ್ರಕ್ಕೆ ಇರುವ ಬೆಲೆ ಕುಣಿತದ ಪ್ರಮಾಣಪತ್ರಕ್ಕೆ ಎಷ್ಟೋ ಕಡೆ ಇಲ್ಲ, ನಾಳೆ ಅದು ಸುಳ್ಳಾಗುತ್ತದೆ. ಫೋನೂ ಬೇಡ. ಈ ಭಾನುವಾರ ಊರಿಗೆ ಹೋಗು. ಹಾಜರಿಯ ಲೆಕ್ಕ ಬರೆದ ಹಾಳೆ ತೋರಿಸು, ಉಳಿದ ಗುರುವಾರಗಳಿಗೆ ಗುರುತು ಹಾಕಿ. ಆಮೇಲೆ ಡೊಳ್ಳಿನ ಬಗ್ಗೆ ಒಂದು ಪ್ರಶ್ನೆ ಕೇಳು. ಚಳಿ, ಇಬ್ಬನಿಗೆ ಚರ್ಮ ಮೆತ್ತಗಾಗಿ ದನಿ ಕೂತುಬಿಡುತ್ತದಲ್ಲ, ನಿಮ್ಮ ತಂಡ ಏನು ಮಾಡುತ್ತದೆ? ಬಿಸಿಲು ಬರುವವರೆಗೆ ಕಾಯುತ್ತೀರಾ? ಬೆಂಕಿಯ ಹತ್ತಿರ ಎಷ್ಟು ದೂರದಲ್ಲಿ, ಎಷ್ಟು ಹೊತ್ತು ಹಿಡಿದರೆ ಚರ್ಮ ಬಿರಿಯದೆ ಬಿಗಿಯಾಗುತ್ತದೆ ಅನ್ನುವುದನ್ನು ಅಜ್ಜನ ಪಕ್ಕ ಕೂತವರಷ್ಟು ಚೆನ್ನಾಗಿ ಕಾಲೇಜಿನ ಕೊರಿಯೋಗ್ರಾಫರ್ ಹೇಳಲಾರರು. ಅಂಗೈಯನ್ನೂ ತೋರಿಸು. ಬೊಬ್ಬೆಗೆ ಏನು ಹಚ್ಚಬೇಕೆಂದು ಅವರಿಗೆ ಗೊತ್ತಿರುತ್ತದೆ.

ಅವರು ಒಪ್ಪಿಯೇ ಬಿಡುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಒಪ್ಪದಿದ್ದರೂ ಅವತ್ತೇ ವಾದಕ್ಕಿಳಿಯಬೇಡ, ಉಂಡು ಮಲಗು. ಸೋಮವಾರ ಮೊದಲ ಬಸ್ಸಿಗೆ ಹೊರಡುವಾಗ ಬಸ್‌ಸ್ಟ್ಯಾಂಡಿಗೆ ಬಿಡಲು ಬರುತ್ತಾರಲ್ಲ, ಸ್ಪರ್ಧೆಯ ತಾರೀಕು ಆಗ ಹೇಳು.