ನಮ್ಮದು ಭಕ್ತಿ, ಅವರದು ಬರೀ ಪದ್ಧತಿಯೇ?

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅದು 'ಮೊಂತಿ ಫೆಸ್ತ್'. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಹಬ್ಬದಂದು ಗುರುಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸುತ್ತಾರೆ. ಆ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಸೇವಿಸಿ, ಒಟ್ಟಿಗೆ ಕುಳಿತು ಸಸ್ಯಾಹಾರದ ಊಟ ಮಾಡುತ್ತಾರೆ.

ಅದೇ ಹಬ್ಬಕ್ಕೆ ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಆಗಸ್ಟ್ 29ರಂದೇ ಧ್ವಜ ಏರುತ್ತದೆ. ಹರಕೆ ಹೊತ್ತ ಅನೇಕರು ಕಾವಿ ಬಣ್ಣದ ಬಟ್ಟೆ ಉಡುತ್ತಾರೆ. ಹಬ್ಬದಂದು ಮಾತೆಯ ತೇರು ಬೀದಿಗೆ ಬರುತ್ತದೆ.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಅತ್ತೆ ಕರಾವಳಿಯವರು, ಸೊಸೆ ಬೆಂಗಳೂರಿನವಳು. ಸೊಸೆ ಕಾವಿ ಸೀರೆ ಉಟ್ಟು ಹೊರಟಾಗ ಅತ್ತೆ, "ಇದೆಲ್ಲ ನಮ್ಮ ಧರ್ಮದಲ್ಲಿ ಎಲ್ಲಿದೆ?" ಎನ್ನುತ್ತಾರೆ. "ಹಬ್ಬದ ದಿನ ಬರೀ ತರಕಾರಿ ತಿನ್ನಬೇಕೆಂದು ಎಲ್ಲಿ ಬರೆದಿದೆ ಅತ್ತೆ?" ಎಂದು ಸೊಸೆ ಮರುಪ್ರಶ್ನೆ ಹಾಕುತ್ತಾಳೆ. ನಡುವೆ ಮಗು ಕೇಳುತ್ತದೆ: "ಅಜ್ಜಿಯ ಮಾತೆ ಬೇರೆ, ಅಮ್ಮನ ಮಾತೆ ಬೇರೆಯಾ?"

ಸಂಸ್ಕೃತಿ, ವೈವಿಧ್ಯ ಎಂಬ ದೊಡ್ಡ ಮಾತುಗಳನ್ನು ನಾವು ಜನಸಾಮಾನ್ಯರು ಕಲಿಯುವುದು ಇಂಥ ಸೀರೆಯಲ್ಲಿ, ಊಟದಲ್ಲಿ. ಎಡವುವುದೂ ಅಲ್ಲೇ. ನಾವು ಮಾಡುವುದು ಭಕ್ತಿ ಎನಿಸುತ್ತದೆ. ಇನ್ನೊಬ್ಬರು ಮಾಡುವುದು ಎಲ್ಲಿಂದಲೋ ತಂದ ಪದ್ಧತಿ ಎನಿಸುತ್ತದೆ. ನಿಜ ನೋಡಿದರೆ ಎರಡೂ ಈ ಮಣ್ಣಿನವೇ. ಹೊಸ ಅಕ್ಕಿಯನ್ನು ಮನೆ ತುಂಬಿಸಿಕೊಳ್ಳುವ ಹಬ್ಬ ತುಳುನಾಡಿನ ನೆರೆಹೊರೆಯವರಲ್ಲೂ ಇದೆ, ಕೊಡಗಿನ ಪುತ್ತರಿಯಲ್ಲೂ ಇದೆ. ತೇರು, ಹರಕೆ, ಕಾವಿ ನಮ್ಮ ನಾಡಿನ ಜಾತ್ರೆಗಳಲ್ಲೆಲ್ಲ ಕಾಣುವಂಥವು. ಈ ಎರಡನ್ನೂ ನಮ್ಮ ಹಿರಿಯರು ಮಾತೆಯ ಪಾದಕ್ಕೆ ಅರ್ಪಿಸಿದರು.

ಆದಿಸಭೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅನ್ಯಜನರಿಂದ ಬಂದ ವಿಶ್ವಾಸಿಗಳಿಗೂ ಸುನ್ನತಿ ಬೇಕೆಂದು ಕೆಲವರು ಹಟ ಹಿಡಿದರು. ಪ್ರೇಷಿತರು ಜೆರುಸಲೇಮಿನಲ್ಲಿ ಸಭೆ ಸೇರಿ, ಆ ಹೊರೆಯನ್ನು ಅವರ ಮೇಲೆ ಹೊರಿಸಬಾರದೆಂದು ತೀರ್ಮಾನಿಸಿದರು (ಪ್ರೇಷಿತರ ಕಾರ್ಯಕಲಾಪಗಳು, ಅಧ್ಯಾಯ 15). ಎರಡನೆಯ ವ್ಯಾಟಿಕನ್ ಮಹಾಸಭೆಯೂ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನದಲ್ಲಿ, ವಿಶ್ವಾಸಕ್ಕೆ ಧಕ್ಕೆ ತರದ ವಿಷಯಗಳಲ್ಲಿ ಎಲ್ಲರೂ ಒಂದೇ ರೀತಿ ಇರಬೇಕೆಂದು ಧರ್ಮಸಭೆ ಒತ್ತಾಯಿಸುವುದಿಲ್ಲ ಎಂದು ತಿಳಿಸಿತು.

ಹಾಗೆಂದು ಪದ್ಧತಿಯ ಹೆಸರಿನಲ್ಲಿ ಎಲ್ಲವೂ ಸರಿಯಲ್ಲ. ಜಾತಿ ನೋಡಿ ಪಂಕ್ತಿ ಬೇರೆ ಮಾಡುವುದೂ, ವರದಕ್ಷಿಣೆ ಕೇಳುವುದೂ 'ನಮ್ಮ ಕಡೆಯ ರೂಢಿ' ಎಂದು ಹೇಳುವವರಿದ್ದಾರೆ. ಯಾವ ಪದ್ಧತಿಯೇ ಆಗಲಿ, ಶುಭಸಂದೇಶದ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಅದು ದೇವರನ್ನೂ ನೆರೆಯವರನ್ನೂ ಹತ್ತಿರ ತರುತ್ತದೆಯೇ? ಹಾಗಿದ್ದರೆ ಉಳಿಯಲಿ. ಒಬ್ಬರನ್ನು ಕೀಳಾಗಿಸುತ್ತದೆಯೇ? ಹಾಗಿದ್ದರೆ ಅದು ನಮ್ಮದೇ ಆಗಿದ್ದರೂ ಬಿಡೋಣ.

ಆ ಮಗುವಿಗೆ ಉತ್ತರ ಕೊಡಬೇಕಾದವರು ಅತ್ತೆ, ಸೊಸೆ ಇಬ್ಬರೂ. ಬೆಳಿಗ್ಗೆ ಸೊಸೆ ಅತ್ತೆಯ ಕೈಯಿಂದ ಹೊಸ ಕಾಳಿನ ಪಾಯಸ ಸ್ವೀಕರಿಸಲಿ. ಸಂಜೆ ಅತ್ತೆ ಸೊಸೆಯೊಡನೆ ತೇರಿಗೆ ಹೋಗಲಿ. ಮಾತೆ ಒಬ್ಬರೇ ಎಂದು ಮಗುವಿಗೆ ಆಗ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಚಿಂತಿಸಲು:
1. ನಮ್ಮ ಮನೆಯ ಯಾವ ಪದ್ಧತಿಯನ್ನು ನಾವು ವಿಶ್ವಾಸವೆಂದೇ ತಿಳಿದಿದ್ದೇವೆ?
2. ನಮ್ಮ ಧರ್ಮಕೇಂದ್ರದಲ್ಲಿ ಬೇರೆ ಭಾಷೆಯ ಯಾವ ಕುಟುಂಬದ ಹಬ್ಬಕ್ಕೆ ನಾವು ಇದುವರೆಗೆ ಹೋಗಿಲ್ಲ?
3. ನಾವು ಕೈಬಿಡಬೇಕಾದ ರೂಢಿ ಯಾವುದು?