ಸಣ್ಣ ಗಾಯ: ಮೊದಲು ನೀರು, ಆಮೇಲೆ ಮುಲಾಮು

ಅಡಿಕೆ ಸುಲಿಯುವಾಗ ಕತ್ತಿ ಜಾರಿ ಬೆರಳು ಕುಯ್ಯುವುದು, ತೆಂಗಿನಕಾಯಿ ಸುಲಿಯುವಾಗ ಅಂಗೈ ತರಚುವುದು ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲಿ ಹೊಸದೇನಲ್ಲ. ತುಮಕೂರು ನಗರದಲ್ಲಾದರೆ ಸ್ಕೂಟರಿನಿಂದ ಬಿದ್ದು ಮೊಣಕಾಲು ಕೆತ್ತಿಕೊಳ್ಳುವವರು ಹೆಚ್ಚು. ಗಾಯವಾದೊಡನೆ ಬಹಳ ಮಂದಿ ಹುಡುಕುವುದು ಮುಲಾಮಿನ ಟ್ಯೂಬನ್ನು; ಅದು ಸಿಗದಿದ್ದರೆ ಕಾಫಿಪುಡಿ, ಸುಣ್ಣ ಅಥವಾ ಬೂದಿಯನ್ನು.

ಮೊದಲು ಬೇಕಾದದ್ದು ನೀರು. ಕೈಯನ್ನು ಸಾಬೂನಿನಿಂದ ತೊಳೆದುಕೊಂಡು, ಗಾಯದ ಮೇಲೆ ಕುಡಿಯಲು ಯೋಗ್ಯವಾದ ನೀರನ್ನು ಐದು ನಿಮಿಷವಾದರೂ ಧಾರೆಯಾಗಿ ಬಿಡಬೇಕು. ರಕ್ತ ನಿಲ್ಲದಿದ್ದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ. ಮಣ್ಣು, ನಾರು ಉಳಿದ ಗಾಯಕ್ಕೆ ಮುಲಾಮು ಹಚ್ಚಿದರೆ ಕೊಳೆಯನ್ನು ಒಳಗಿಟ್ಟು ಮುಚ್ಚಿದಂತಾಗುತ್ತದೆ.

ಆನಂತರ ಪೊವಿಡೋನ್ ಅಯೋಡಿನ್‌ನಂತಹ ನಂಜುನಿರೋಧಕ ಮುಲಾಮನ್ನು ತೆಳ್ಳಗೆ ಸವರಿ, ಗಾಜ್ ಬಟ್ಟೆಯಿಂದ ಮುಚ್ಚಿ, ದಿನಕ್ಕೊಮ್ಮೆ ಬದಲಿಸಿದರೆ ಸಾಕು. ದಪ್ಪಗೆ ಮೆತ್ತಿದರೆ ಬೇಗ ಮಾಯುವುದಿಲ್ಲ. ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕೆಂಬ ನಂಬಿಕೆಯೂ ಸರಿಯಲ್ಲ. ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಹೊಸ ಚರ್ಮ ಬೇಗ ಬೆಳೆಯುತ್ತದೆಂದು ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಸ್ವಚ್ಛವಾದ ತರಚುಗಾಯಕ್ಕೆ ಬರೀ ಪೆಟ್ರೋಲಿಯಂ ಜೆಲ್ಲಿಯೂ ಸಾಲುತ್ತದೆ.

ಥೈರಾಯ್ಡ್ ತೊಂದರೆಯಿರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಅಯೋಡಿನ್ ಮುಲಾಮನ್ನು ವೈದ್ಯರನ್ನು ಕೇಳಿಯೇ ಬಳಸಬೇಕು. ಎಳೆಯ ಮಕ್ಕಳಿಗೂ ಇದೇ ಮಾತು. ನಿಯೋಮೈಸಿನ್, ಫ್ರಮೈಸೆಟಿನ್ ಇರುವ ಮುಲಾಮುಗಳು ಕೆಲವರಿಗೆ ಒಗ್ಗುವುದಿಲ್ಲ. ಗಾಯದ ಸುತ್ತ ತುರಿಕೆಯೆದ್ದು ಕೆಂಪಾದಾಗ ನಂಜೇರಿತೆಂದು ಭಾವಿಸಿ ಅದನ್ನೇ ಇನ್ನಷ್ಟು ಹಚ್ಚುತ್ತಾರೆ! ಇದಕ್ಕಿಂತ ಕೆಟ್ಟದ್ದು, ತುರಿಕಜ್ಜಿಗೆಂದು ತಂದಿಟ್ಟ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಗಾಯಕ್ಕೂ ಬಳಿಯುವುದು. ಸ್ಟೀರಾಯ್ಡ್ ಗಾಯ ಮಾಯುವುದನ್ನು ತಡಮಾಡುತ್ತದೆ, ಸೋಂಕನ್ನು ಮರೆಮಾಚುತ್ತದೆ.

ಯಾವ ಮುಲಾಮೂ ತಡೆಯಲಾರದ್ದು ಧನುರ್ವಾಯು. ಅದರ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ, ದನದ ಸಗಣಿಯಲ್ಲಿ, ಕುದುರೆ ಲದ್ದಿಯಲ್ಲಿ ಇರುತ್ತವೆ. ಕುದುರೆಗಳಿಗೆ ಹೆಸರಾದ ಕುಣಿಗಲ್ಲಿನವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ. ಆದರೆ ತೋಟಕ್ಕೆ ಗೊಬ್ಬರ ಹಾಕುವ ಎಲ್ಲರಿಗೂ ಅಪಾಯ ಒಂದೇ. ಗಾಳಿಯಾಡದ ಆಳವಾದ ಚುಚ್ಚುಗಾಯ ಈ ರೋಗಾಣುವಿಗೆ ಬಲು ಹಿತ. ಆದ್ದರಿಂದ ಮೊಳೆಯೋ ಮುಳ್ಳೋ ನೆಟ್ಟಾಗ ಮೇಲೆ ಮುಲಾಮು ಸವರಿ ಸುಮ್ಮನಾಗಬಾರದು. ಹಿಂದೆ ಮೂರು ಚುಚ್ಚುಮದ್ದು ಪೂರ್ಣವಾಗಿದ್ದರೂ, ಕೊಳಕು ಗಾಯವಾದಾಗ ಕೊನೆಯದಾಗಿ ಐದು ವರ್ಷ ದಾಟಿದ್ದರೆ ಇನ್ನೊಂದು ಬೇಕು. ಸ್ವಚ್ಛವಾದ ಸಣ್ಣ ಗಾಯಕ್ಕೆ ಹತ್ತು ವರ್ಷ. ಹಿಂದಿನ ಲೆಕ್ಕ ನೆನಪಿಲ್ಲದವರು ಆ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ನಾಯಿ ಕಚ್ಚಿದ ಗಾಯದ ದಾರಿಯೇ ಬೇರೆ. ಹದಿನೈದು ನಿಮಿಷ ಸಾಬೂನು, ನೀರಿನಿಂದ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಬೇಕು.

ಸಕ್ಕರೆ ಕಾಯಿಲೆಯವರು ಕಾಲಿನ ಗಾಯ ಎಷ್ಟೇ ಚಿಕ್ಕದಿದ್ದರೂ ವೈದ್ಯರಿಗೆ ತೋರಿಸಬೇಕು. ಉಳಿದವರೂ ಅಷ್ಟೆ: ಕೆಂಪು ಹರಡುತ್ತಿದ್ದರೆ, ಕೀವು, ಜ್ವರ, ಹೆಚ್ಚುವ ನೋವು ಕಂಡರೆ, ಬಾಯಿ ಬಿಟ್ಟುಕೊಂಡ ಗಾಯವಾಗಿದ್ದರೆ ಟ್ಯೂಬನ್ನು ಬದಿಗಿಟ್ಟು ಆಸ್ಪತ್ರೆಗೆ ಹೊರಡಿ.